ಚುಕ್ಕಿ ತೆಗೆಯಲು ಹೋಗಿ ಮಾಸ್ತರು ದಿವಂಗತರಾದರು

ಈಚೆಗೆ ಒಂದು ಭಾನುವಾರ ಸಿರಸಂಗಿಯಲ್ಲಿ ನಮ್ಮ ವೈನಿ ತುಂಬಿದ ಸಭೆಯ ಎದುರು ಒಬ್ಬರನ್ನು ಸಾಯಿಸಿಬಿಟ್ಟರು. ಮೈಕಿನಲ್ಲಿ. ಅದೂ ಬಹಳ ಗೌರವದಿಂದ.

ಸತ್ತವರು ವೇದಿಕೆಯ ಮೇಲೇ ಕೂತಿದ್ದರು. ಕೈಯಲ್ಲಿ ಚಹಾದ ಕಪ್ಪು, ಕೊರಳಲ್ಲಿ ಹಾರ. (ಹಾರ ಇದ್ದದ್ದರಿಂದ ಸನ್ನಿವೇಶಕ್ಕೆ ಇನ್ನಷ್ಟು ಕಳೆ ಬಂತು.)

ಮೊದಲು ವೈನಿ ಯಾರೆಂದು ಹೇಳಿಬಿಡುತ್ತೇನೆ. ವೈನಿ ಅಂದರೆ ಅಣ್ಣನ ಹೆಂಡತಿ. ಹೆಸರು ಗಿರಿಜಾ. ಸವದತ್ತಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾರೆ. ನಾನು ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಮದುವೆಯಾಗಿ ನಮ್ಮ ಮನೆಗೆ ಬಂದವರು. ಇವತ್ತಿಗೂ ನನ್ನನ್ನು ಅದೇ ಚಡ್ಡಿಯ ಹುಡುಗ ಎಂದೇ ತಿಳಿದು ಗದರುತ್ತಾರೆ. ಚಿಕ್ಕಂದಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಆದರೆ ಸವದತ್ತಿ, ರಾಮದುರ್ಗ, ಬೈಲಹೊಂಗಲದ ಸುತ್ತ ಬೀಳ್ಕೊಡುಗೆ, ನಿಶ್ಚಯ, ಗುರುವಂದನೆ ಏನೇ ಇರಲಿ, ಮೈಕು ಹಿಡಿದು ನಿರೂಪಣೆ ಮಾಡಲು ಜನ ಹುಡುಕುವುದು ಗಿರಿಜಾ ಅಕ್ಕೋರನ್ನೇ. (ಶಿಕ್ಷಕಿಯರನ್ನು ನಮ್ಮ ಕಡೆ ಕರೆಯುವುದೇ ಹಾಗೆ.)

ಕಣ್ಣು ಕಾಣದವರು ಅಷ್ಟೊಂದು ಹೆಸರುಗಳನ್ನು ಹೇಗೆ ಓದುತ್ತಾರೆ? ಎಲ್ಲರೂ ಕೇಳುವ ಪ್ರಶ್ನೆ. ಸಿರಸಂಗಿಯ ಹಳೆಯ ವಿದ್ಯಾರ್ಥಿಗಳ ಸಂಘದವರೂ ಮೊದಲು ಇದನ್ನೇ ಕೇಳಿದ್ದರು. ಉತ್ತರ ವೈನಿಯ ಫೋನಿನಲ್ಲಿದೆ. ಪರದೆಯ ಮೇಲೆ ಇದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರ್, ಸ್ಕ್ರೀನ್ ರೀಡರ್. ವೈನಿಯ ಎಡಗಿವಿಗೆ ಇಯರ್‌ಫೋನ್. ಸೆರಗಿನ ಮರೆಯಲ್ಲಿ ಫೋನು. ಬೆರಳು ಸರಿದ ಹಾಗೆಲ್ಲ ಅದು ಕಿವಿಯಲ್ಲಿ ಓದುತ್ತದೆ, ಇವರು ಎರಡು ಪದ ಹಿಂದಿನಿಂದ ಬಾಯಲ್ಲಿ ಹೇಳುತ್ತಾರೆ. ಅದರ ವೇಗ ನೀವೊಮ್ಮೆ ಕೇಳಬೇಕು. ನನಗಂತೂ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ವೈನಿಗೆ ಅದೇ ಸರಾಗ ಕನ್ನಡ.

ಆ ಸಾಫ್ಟ್‌ವೇರಿಗೆ ಒಂದು ದುರಭ್ಯಾಸ ಇತ್ತು. ಹೆಸರಿನ ಮುಂದಿನ ಇನಿಶಿಯಲ್ಲಿಗೆ ಚುಕ್ಕಿ ಇಡುತ್ತೇವಲ್ಲ, ಅದನ್ನೂ ಬಿಡದೆ ಓದುತ್ತಿತ್ತು. "ಶ್ರೀ ಬ ಚುಕ್ಕಿ ಶಿ ಚುಕ್ಕಿ ಪಾಟೀಲ." ಒಂದು ಆಮಂತ್ರಣ ಪತ್ರಿಕೆ ಓದಿಸಿದರೆ ಆಕಾಶದಷ್ಟು ಚುಕ್ಕಿ! ವೈನಿ ಅಷ್ಟೂ ಚುಕ್ಕಿಗಳನ್ನು ಕಿವಿಯಲ್ಲೇ ಸೋಸಿ ಹೆಸರನ್ನು ಮಾತ್ರ ಹೊರಗೆ ಬಿಡುತ್ತಿದ್ದರು.

"ಕಿರಿಕಿರಿ ಆಗೂದಿಲ್ಲೇನ್ರಿ ವೈನಿ?" ಎಂದು ನಾನೊಮ್ಮೆ ಕೇಳಿದ್ದೆ.

"ನಿಮ್ಮ ಅಣ್ಣನ ಗೊರಕಿ ಇದ್ದಂಗ. ಕಿವಿಗೆ ಬೀಳತೈತಿ, ತಲಿಗೆ ಹೋಗೂದಿಲ್ಲ" ಎಂದಿದ್ದರು.

ಹಾಗಂತ ಸುಮ್ಮನಿದ್ದರೇ? ಎಲ್ಲಿಯ ಮಾತು! ಆ ಸಾಫ್ಟ್‌ವೇರ್ ಬಳಸುವವರದೊಂದು ವಾಟ್ಸಾಪ್ ಗ್ರೂಪ್ ಇದೆ. ಅದರಲ್ಲಿ ಇವರ ದೂರು ತಪ್ಪುತ್ತಿರಲಿಲ್ಲ. "ಮಿಲಿಂದಾ, ಚುಕ್ಕಿ ಯಾವಾಗ ತಗೀತಿ?" ಮಿಲಿಂದ ರಾಮದುರ್ಗದವನು. ಅವನಿಗೂ ಕಣ್ಣು ಕಾಣುವುದಿಲ್ಲ. ಹಗಲು ಮನೆಯಿಂದಲೇ ಒಂದು ಕಂಪನಿಯ ಕೆಲಸ, ಉಳಿದ ಹೊತ್ತಿನಲ್ಲಿ ಕೆಲವು ಗೆಳೆಯರ ಜೊತೆ ಸೇರಿ ಈ ಸಾಫ್ಟ್‌ವೇರಿನ ಚಾಕರಿ. ಬಿಟ್ಟಿ ಸೇವೆ. ಅವನ ಉತ್ತರವೂ ಪ್ರತಿ ಸಲ ಒಂದೇ: "ಮಾಡತೇವ್ರಿ ಅಕ್ಕೋರ. ಸ್ವಲ್ಪ ತಡೀರಿ. ಒಂದು ಕಡೆ ಎಳದ್ರ ಇನ್ನೊಂದು ಕಡೆ ಹರೀತೈತಿ."

ವೈನಿಗೆ ತಡೆದು ಗೊತ್ತಿಲ್ಲ.

ಆ ಭಾನುವಾರ ಬೆಳಿಗ್ಗೆ ನಾನು ಬೈಲಹೊಂಗಲದಿಂದ ಹೋಗಿ ಸವದತ್ತಿಯಲ್ಲಿ ವೈನಿಯನ್ನು ಕಾರಿಗೆ ಹತ್ತಿಸಿಕೊಂಡೆ. ಸಿರಸಂಗಿಯಲ್ಲಿ ಗುರುವಂದನೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ತಮ್ಮ ಮಾಸ್ತರುಗಳಿಗೆ ಶಾಲು ಹೊದಿಸುವ ಕಾರ್ಯಕ್ರಮ. ಕಾರಿನಲ್ಲಿ ಕೂತವರೇ ವೈನಿ ಕೂಗಿದರು, "ಬಂತು ನೋಡಪಾ!"

"ಏನ್ ಬಂತ್ರಿ?"

"ಹೊಸಾ ವರ್ಷನ್! ಮುಂಜಾನಿ ಬಂದೈತಿ, ಹಾಕ್ಕೊಂಡುಬಿಟ್ಟೇನಿ. ಚುಕ್ಕಿ ಹೋತು!"

ಇಯರ್‌ಫೋನ್ ಕಿತ್ತು, ವೇಗ ತಗ್ಗಿಸಿ ನನಗೂ ಕೇಳಿಸಿದರು. ನಿಜ. "ಡಾ." ಎಂದಿದ್ದದ್ದನ್ನು ಅದು ಚೆಂದಾಗಿ "ಡಾಕ್ಟರ್" ಎಂದಿತು. "ತಾ." ಇದ್ದಲ್ಲಿ "ತಾಲೂಕು", "ಜಿ." ಇದ್ದಲ್ಲಿ "ಜಿಲ್ಲೆ". ಚುಕ್ಕಿ ತೆಗೆದದ್ದಷ್ಟೇ ಅಲ್ಲ, ಅರ್ಧ ಬರೆದದ್ದನ್ನು ಪೂರ್ತಿ ಮಾಡಿ ಓದುವ ಬುದ್ಧಿಯನ್ನೂ ಮಿಲಿಂದ ಅದಕ್ಕೆ ಕಲಿಸಿದ್ದ. ವೈನಿ ದಾರಿಯಲ್ಲೇ ಅವನಿಗೊಂದು ವಾಯ್ಸ್ ಮೆಸೇಜ್ ಕಳಿಸಿದರು: "ಮಿಲಿಂದಾ, ನಿನ್ನ ಬಾಯಾಗ ಸಕ್ಕರಿ ಹಾಕಬೇಕು ನೋಡು."

(ಕಾರ್ಯಕ್ರಮದ ರಿಹರ್ಸಲ್ ಆಗಿದ್ದು ಹಿಂದಿನ ದಿನ, ಹಳೆಯ ವರ್ಷನ್ನಿನಲ್ಲಿ. ಈ ವಿಚಾರ ಕಾರಿನಲ್ಲಿದ್ದ ಇಬ್ಬರು ಬುದ್ಧಿವಂತರಿಗೂ ಹೊಳೆಯಲಿಲ್ಲ.)

ಪ್ರಾರ್ಥನೆ, ಸ್ವಾಗತ, ಹಾರ ಎಲ್ಲ ಸುಸೂತ್ರ. ಆಮೇಲೆ ಒಬ್ಬೊಬ್ಬರೇ ಗುರುಗಳನ್ನು ಮಾತಿಗೆ ಕರೆಯುವ ಸರದಿ. ವೈನಿ ರಂಗೇರಿದ್ದರು. "ಈ ಊರಿನ ಎಷ್ಟೋ ಮಕ್ಕಳ ಬಾಳಿನ ಲೆಕ್ಕ ತಿದ್ದಿದವರು, ಕೋಲು ಹಿಡಿಯದೆ ಗಣಿತ ಕಲಿಸಿದವರು, ನಮ್ಮೆಲ್ಲರ ನೆಚ್ಚಿನ ಗುರುಗಳು, ಶ್ರೀ ದಿವಂಗತ…"

ಅಲ್ಲಿಗೆ ನಿಂತಿತು.

ಫೋನಿನಲ್ಲಿ ಬರೆದದ್ದು "ಶ್ರೀ ದಿ. ಮ. ಹೂಲಿ". ದಿನಕರ ಮಲ್ಲಪ್ಪ ಹೂಲಿ. ಹೊಸ ಬುದ್ಧಿ ಕಲಿತ ಸಾಫ್ಟ್‌ವೇರ್ "ದಿ." ಎಂಬುದನ್ನೂ ಪೂರ್ತಿ ಮಾಡಿತ್ತು. ಎರಡು ಪದ ಹಿಂದಿನಿಂದ ಓಡುವ ವೈನಿಯ ಬಾಯಿ, ತಲೆ ತಡೆಯುವ ಮೊದಲೇ ಅದನ್ನು ಸಭೆಗೆ ಒಪ್ಪಿಸಿತ್ತು.

ಸಭೆ ಗಪ್‌ಚಿಪ್. ಹಿಂದಿನ ಸಾಲಿನಲ್ಲಿ ಯಾರೋ "ಯಾವಾಗ?" ಎಂದು ಪಕ್ಕದವರನ್ನು ಕೇಳಿದ್ದು ನನ್ನವರೆಗೂ ಬಂತು.

ಹೂಲಿ ಮಾಸ್ತರು ಚಹಾದ ಕಪ್ಪನ್ನು ನಿಧಾನವಾಗಿ ಕೆಳಗಿಟ್ಟರು. "ಅಕ್ಕೋರ, ಸ್ವಲ್ಪ ತಡೀರಿ. ಇನ್ನೂ ಊಟಾ ಆಗಿಲ್ಲ" ಎಂದರು.

ಹಾಲು ಉಕ್ಕಿದ ಹಾಗೆ ಸಭೆ ನಕ್ಕಿತು. ವೈನಿಯೂ ಸೋಲುವವರಲ್ಲ. "ತಪ್ಪಾತ್ರಿ ಸರ್. ನಿಮ್ಮ ಲೆಕ್ಕಾ ಬಿಡಸಾಕ ನನ್ನ ಫೋನಿಗೆ ಬರಲಿಲ್ಲ" ಎಂದರು. ಚಪ್ಪಾಳೆ.

ನಗದೆ ಉಳಿದವರು ಒಬ್ಬರೇ. ಮಾಸ್ತರ ಹೆಂಡತಿ. ಅವರು ಮೊದಲ ಸಾಲಿನಿಂದ ಎದ್ದು, ಅಡುಗೆಯವರ ಹತ್ತಿರ ಉಪ್ಪು, ಒಣ ಮೆಣಸಿನಕಾಯಿ ಇಸಿದುಕೊಂಡು, ಮಾಸ್ತರ ಭಾಷಣ ಮುಗಿದದ್ದೇ ಅವರನ್ನು ವೇದಿಕೆಯ ಹಿಂದಕ್ಕೆ ಕರೆದೊಯ್ದು ದೃಷ್ಟಿ ತೆಗೆದು ಒಲೆಗೆ ಹಾಕಿದರು. ಘಾಟು ನೇರ ವೇದಿಕೆಗೇ ಬಂತು. ಆಮೇಲೆ ಮಾತಾಡಿದವರ ಭಾಷಣದಲ್ಲಿ ಗುರುಭಕ್ತಿಗಿಂತ ಕೆಮ್ಮೇ ಹೆಚ್ಚಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಿತ್ತು. ಮುಂದಿನವರು ರುದ್ರಪ್ಪ ಕಮತಗಿ. "ಶ್ರೀ ರು. ಬ. ಕಮತಗಿ." ವೈನಿಯ ಕಿವಿಯಲ್ಲಿ ಅದು "ಶ್ರೀ ರೂಪಾಯಿ" ಎಂದು ಶುರು ಮಾಡಿತಂತೆ. ಈ ಸಲ ಬಾಯಿ ಮುಚ್ಚಿಕೊಂಡರು. ಆದರೆ ಮೈಕಿನ ಮುಂದೆ ಬಾಯಿ ಮುಚ್ಚಿಕೊಂಡರೆ ಹೇಗಿರುತ್ತದೆ? ಸಭೆಯೆಲ್ಲ ಇನ್ನು ಯಾರು ಹೋದರೋ ಎಂದು ಕತ್ತು ಚಾಚಿತು.

ದಿನವೂ ನಡೆಯುವ ದಾರಿಯಲ್ಲಿ ಒಂದು ಕಲ್ಲಿದೆ ಎಂದುಕೊಳ್ಳಿ. ರೂಢಿಯಾದ ಕಾಲು ಅದನ್ನು ತಾನಾಗಿ ದಾಟುತ್ತದೆ. ಯಾರೋ ಒಳ್ಳೆಯವರು ಬಂದು ಕಲ್ಲು ಕಿತ್ತು, ಗುಂಡಿ ಮುಚ್ಚದೆ ಹೋದರೆ? ವೈನಿಗೆ ಆದದ್ದು ಅದು. ಯಾವ ಹೆಸರಿನಲ್ಲಿ ಯಾವ ಗುಂಡಿ ಇದೆಯೋ ತಿಳಿಯದಾಯಿತು. ಇಯರ್‌ಫೋನ್ ಕಿತ್ತು ನನ್ನನ್ನು ಸನ್ನೆಯಿಂದ ಕರೆದರು. ಮುದ್ರಿತ ಪತ್ರಿಕೆ ನೋಡಿ ಅವರ ಕಿವಿಯಲ್ಲಿ ಹೆಸರು ಉಸುರುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಎಂಥ ಸ್ಕ್ರೀನ್ ರೀಡರ್ ಎಂದು ಅಂದು ಗೊತ್ತಾಯಿತು. ಚಾಳೀಸು, ಅಂದರೆ ಓದುವ ಕನ್ನಡಕ, ಕಾರಿನಲ್ಲೇ ಉಳಿದಿತ್ತು. ಪತ್ರಿಕೆಯನ್ನು ಒಂದು ತೋಳು ದೂರ ಹಿಡಿದು, "ಮುಂದಿನವರು… ಯಾರೋ ಕುಲಕರ್ಣಿ… ಅಲ್ರಿ ವೈನಿ, ಕುಂಬಾರ… ಕುಂಬಾರನೋ ಕಂಬಾರನೋ…" ಎಂದೆ. ಮೈಕು ಇದನ್ನೆಲ್ಲ ನಿಷ್ಠೆಯಿಂದ ಊರಿಗೆ ಹಂಚಿತು.

"ನಿನಗಿಂತ ಆ ಚುಕ್ಕಿ ಚಲೋ ಇತ್ತು" ಎಂದರು ವೈನಿ. ಅದನ್ನೂ ಹಂಚಿತು.

ವಾಪಸು ಬರುವಾಗ ಕಾರಿನಲ್ಲಿ ಮಿಲಿಂದನಿಗೆ ಫೋನು ಹೋಯಿತು. ಬೆಳಿಗ್ಗೆ ಸಕ್ಕರೆ ಹಾಕಬೇಕೆಂದಿದ್ದ ಬಾಯಿಗೆ ಈಗ ಏನು ಹಾಕಬೇಕೆಂದು ವೈನಿ ಹೇಳಿದ್ದನ್ನು ನಾನಿಲ್ಲಿ ಬರೆಯುವಂತಿಲ್ಲ.

"ನಾ ಚುಕ್ಕಿ ತಗೀ ಅಂದಿದ್ದೆ. ಜನರನ್ನ ತಗೀ ಅಂದಿದ್ನೇನೋ?"

"ತಪ್ಪಾತ್ರಿ ಅಕ್ಕೋರ."

"ಹಳೇದನ್ನ ವಾಪಸ್ ಹಾಕು. ಇವತ್ತ!"

"ಹಂಗ ಒಮ್ಮೆಲೆ ವಾಪಸ್ ಹಾಕಾಕ ಬರೂದಿಲ್ರಿ. ಅದರಾಗ ಇನ್ನೊಂದು ರಿಪೇರಿನೂ ಐತಿ. ಮನೀಗೆ ಬರ್ರಿ, ಕುಂತು ಮಾತಾಡೂಣು."

ಸೋಮವಾರ ಹೂಲಿ ಮಾಸ್ತರೇ ವೈನಿಗೆ ಫೋನು ಮಾಡಿದರು. ಸುದ್ದಿ ಅರ್ಧಂಬರ್ಧ ಹಬ್ಬಿ, ದೂರದ ನೆಂಟರೆಲ್ಲ ಮಾಸ್ತರ ಮನೆಗೇ ಫೋನು ಹಚ್ಚಿ ದುಃಖ ಹೇಳಿಕೊಳ್ಳುತ್ತಿದ್ದರಂತೆ. "ಫೋನು ನಾನಽ ಎತ್ತಾಕ ಹತ್ತೇನ್ರಿ ಅಕ್ಕೋರ. ವರ್ಷಾನುಗಟ್ಟಲೆ ಮಾತು ಬಿಟ್ಟವರೂ ಮಾತಾಡಿದ್ರು. ನನ್ನ ಬಗ್ಗೆ ಇಷ್ಟ್ ಚಲೋ ಮಾತು ಇದಽ ಮೊದಲ ಕೇಳಿದ್ದು" ಎಂದು ನಕ್ಕರು.

ವೈನಿಯೂ ನಕ್ಕರು. ಆದರೆ ಅದೇ ಸಂಜೆ ಇನ್ನೊಂದು ಫೋನು ಬಂತು. ಬೈಲಹೊಂಗಲದಿಂದ. ಬರುವ ವಾರ ಅಲ್ಲೊಂದು ದೊಡ್ಡ ಬೀಳ್ಕೊಡುಗೆ ಸಮಾರಂಭ, ನಿರೂಪಣೆ ಇವರದೇ ಎಂದು ಮೊದಲೇ ಗೊತ್ತಾಗಿತ್ತು. "ಅಕ್ಕೋರ, ನಿಮಗ್ಯಾಕ ಸುಮ್ಮನ ತ್ರಾಸ. ಬ್ಯಾರೇದವರಿಗೆ ಹೇಳೇವಿ" ಎಂದಿತು ಆ ದನಿ. ಬಹಳ ಸವಿಯಾದ ದನಿಯಂತೆ. ಕೈಬಿಡುವವರ ದನಿ ಯಾವತ್ತೂ ಸವಿಯಾಗಿಯೇ ಇರುತ್ತದೆ, ಅಲ್ಲವೇ?

ನಾನು ಸಮಾಧಾನ ಹೇಳಲು ಹೋದೆ. "ಬಿಡ್ರಿ ವೈನಿ, ಯಾರಿಗೆ ತಪ್ಪಂಗಿಲ್ಲ?"

ಅವರು ಇಯರ್‌ಫೋನ್ ಸುತ್ತಿ ಬದಿಗಿಟ್ಟರು. ಆಮೇಲೆ, "ಕಣ್ಣಿದ್ದವರು ತಪ್ಪಿ ಓದಿದ್ರ ಬಾಯಿ ತಪ್ಪತು ಅಂತಾರ. ನಾ ತಪ್ಪಿ ಓದಿದ್ರ ಪಾಪ, ಕಣ್ಣಿಲ್ಲಲ್ಲಾ ಅಂತಾರ. ನನಗ ಬೈಯ್ಲಿ, ಬ್ಯಾಡನ್ನೂದಿಲ್ಲ. ಪಾಪ ಅನ್ನಬಾರದು ನೋಡು" ಎಂದರು.

 

ಸಾಲೆಗೆ ರಜೆ ಸಿಕ್ಕ ದಿನ ಇಬ್ಬರೂ ರಾಮದುರ್ಗಕ್ಕೆ ಹೋದೆವು. ಮಿಲಿಂದನ ತಾಯಿ ಚುರುಮುರಿಯ ಗಿರಮಿಟ್ಟು ಕಲಸಿ ತಂದಿಟ್ಟರು. ವೈನಿ ತಟ್ಟೆ ಮುಟ್ಟಲಿಲ್ಲ. ಜಗಳಕ್ಕೆ ಬಂದವರು ಮೊದಲೇ ಉಪ್ಪು ತಿಂದರೆ ಆಮೇಲೆ ಗಂಟಲು ಏಳುವುದಿಲ್ಲ, ಅದು ಅವರ ಸಿದ್ಧಾಂತ. (ನನಗೆ ಅಂಥ ಸಿದ್ಧಾಂತಗಳಿಲ್ಲ. ತಿಂದೆ.)

"ಹಳೇದು ಕೊಡು" ಎಂದು ಶುರು ಮಾಡಿದರು.

ಮಿಲಿಂದ ವಾದ ಮಾಡಲಿಲ್ಲ. ಫೋನು ತೆಗೆದು ಯಾರಿಗೋ ಹಚ್ಚಿ, ಸ್ಪೀಕರ್ ಮೇಲೆ ಹಾಕಿದ. "ಕಟಕೋಳದ ಸುಮಾ ಅಂತ್ರಿ. ಡಿಗ್ರಿ ಮುಗಿಸ್ಯಾಳ, ನೌಕರಿ ಹುಡುಕಾಕ ಹತ್ತ್ಯಾಳ. ಆಕೀಗೂ ನಮ್ಮಂಗಽ ಕಣ್ಣು ಕಾಣೂದಿಲ್ಲ. ಸುಮಾ, ಅಕ್ಕೋರಿಗೆ ಹೇಳವಾ, ಹಳೇದ್ರಾಗ ಏನಾಗತಿತ್ತು."

"ನಮಸ್ಕಾರ್ರಿ ಅಕ್ಕೋರ" ಎಂದಿತು ಆ ಕಡೆಯ ದನಿ. "ಆನ್‌ಲೈನ್ ಅರ್ಜಿ ತುಂಬೂವಾಗ ಹುಟ್ಟಿದ ದಿನಾಂಕದ ಕಡೆ ಬಂದಕೂಡ್ಲೆ ಅದು ಮೌನವ್ರತ ಹಿಡೀತಿತ್ರಿ. ಫೋನಽ ಬಂದ್ ಮಾಡಿ ಚಾಲೂ ಮಾಡಬೇಕು. ಮತ್ತ ಅಲ್ಲಿಗೇ ಬಂದು ಮತ್ತ ಮೌನ. ನಾ ಹುಟ್ಟಿದ್ದಽ ಅದಕ್ಕ ಒಪ್ಪಿಗಿ ಇರಲಿಲ್ರಿ."

ವೈನಿಯ ತುಟಿ ಸ್ವಲ್ಪ ಅರಳಿತು.

"ಪ್ರತಿ ಅರ್ಜಿಗೂ ಯಾರನ್ನರ ಕರೀಬೇಕಿತ್ರಿ. ಅವರು ಬರೂತನಕ ಕಾಯೂದು. ತುಂಬಿದ್ದು ಖರೇ ಐತೋ ಇಲ್ಲೋ ಅನ್ನೂ ಚಿಂತಿ ಬ್ಯಾರೆ. ಈ ಹೊಸಾದ್ರಾಗ ಒಬ್ಬಾಕೀನಽ ಕುಂತು ತುಂಬಿನ್ರಿ. ಮೊದಲನೇ ಸಲ! ನಮ್ಮವ್ವ ಎಲ್ಲಾರಿಗೂ ಹೇಳ್ಕೊಂತ ಅಡ್ಯಾಡಾಕ ಹತ್ತ್ಯಾಳ್ರಿ. ಇದನ್ನ ಮಾತ್ರ ವಾಪಸ್ ತಗೀಬ್ಯಾಡ್ರಿ ಅಕ್ಕೋರ."

ವೈನಿ ಕೈ ಚಾಚಿ ಗಿರಮಿಟ್ಟಿನ ತಟ್ಟೆ ಹುಡುಕಿದರು. ಜಗಳ ಮುಗಿಯಿತೆಂದು ನನಗೆ ಆಗಲೇ ತಿಳಿಯಿತು.

"ಅದನ್ನ ಬಿಟ್ಟುಬಿಡು. ಆಕೀದು ಆಕೀಗೆ ಇರಲಿ" ಎಂದರು ಮಿಲಿಂದನಿಗೆ. "ಆದ್ರ ಈ ದಿವಂಗತ ಮಾಡೂ ಚಾಳಿ ಅದಕ್ಕ ಯಾಕ ಕಲಸಿದಿ?"

"ನೀವು ಚುಕ್ಕಿ ಚುಕ್ಕಿ ಅಂತ ಗಂಟು ಬಿದ್ದಿದ್ರಿ. ಒಂದಽ ಹೊಡ್ತಕ್ಕ ಎಲ್ಲಾ ಸರಿ ಮಾಡೂಣು ಅಂತ ಅವಸರಕ್ಕ ಹೊಂಟೆ. 'ದಿ.' ಅಂದ್ರ ಸತ್ತವರೋ ದಿನಕರನೋ, ಅದಕ್ಕ ಹೆಂಗ ಗೊತ್ತಾಗಬೇಕ್ರಿ?"

"ಗೊತ್ತಿಲ್ಲಂದ್ರ ಸುಮ್ಮನಿರಬೇಕು. ಬರದದ್ದು ಬರದಂಗ ಓದಬೇಕು. ತಾನಽ ಶಾಣ್ಯಾತನ ಮಾಡಬಾರದು."

ಮಿಲಿಂದ ಜೋರಾಗಿ ನಕ್ಕ. "ಇದನ್ನ ಸಾಫ್ಟ್‌ವೇರಿಗೆ ಕಲಸಬಹುದ್ರಿ. ನಮ್ಮ ಓಣಿ ಮಂದಿಗೆ ಕಲಸಾಕ ಬರೂದಿಲ್ಲ."

ಅಂದು ಆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಬಾಯಿ ಬಂದ್ ಮಾಡಿಸುವ, ಅರ್ಧಕ್ಕೆ ಕೈಕೊಡುವ ದೋಷವಿದ್ದರೆ ಸಿಕ್ಕ ದಿನವೇ ರಿಪೇರಿ. ಓದುವ ರೀತಿ ಬದಲಾಗುವುದಿದ್ದರೆ ಮಾತ್ರ ಮೊದಲು ನಾಲ್ಕು ಜನ ಬಳಸಿ ನೋಡಬೇಕು, ಅವರು ಹೂಂ ಅಂದ ಮೇಲೆ ಊರಿಗೆ. ಆ ನಾಲ್ಕು ಜನರ ಹಿರೇತನ ಯಾರಿಗೆ ಹೋಯಿತು ಎಂದು ಬೇರೆ ಹೇಳಬೇಕೇ?

ಪಾಪ ಮಿಲಿಂದ! ವೈನಿ ಪರೀಕ್ಷೆಗೆ ಆರಿಸಿಕೊಂಡದ್ದು ಲಗ್ನಪತ್ರಿಕೆಗಳನ್ನು. ಕನ್ನಡದಲ್ಲಿ ಇಷ್ಟು ಚುಕ್ಕಿ ಇನ್ನೆಲ್ಲಿ ಸಿಗುತ್ತದೆ? ಅಣ್ಣನ ಅಂಗಡಿಗೆ ಬಂದ ಪತ್ರಿಕೆಗಳನ್ನೆಲ್ಲ ನನ್ನ ಕೈಯಿಂದ ಫೋನಿಗೆ ಟೈಪ್ ಮಾಡಿಸಿದರು. (ಚಾಳೀಸು ಹಾಕಿಕೊಂಡೇ ಮಾಡಿದೆ.) ವಧುವಿನ ಹೆಸರಿನ ಮುಂದೆ ಬರುವ "ಚಿ. ಕುಂ. ಸೌ." ಎಂಬುದನ್ನು ಅದು ಮೊದಲ ಸಲ ಒಂದೇ ಉಸಿರಿನಲ್ಲಿ ಓದಿದಾಗ ಮದುಮಗಳಿಗೆ ಸೀನು ಬಂದ ಹಾಗಿತ್ತು. ವೈನಿ ಫೇಲು ಮಾಡಿದರು. ತಿದ್ದಿ ಕಳಿಸಿದ. ಮತ್ತೆ ಫೇಲು. ಹತ್ತನೇ ಕ್ಲಾಸಿನ ಪೇಪರನ್ನೂ ಅವರು ಇಷ್ಟು ಬಿಗಿಯಾಗಿ ನೋಡಿದ್ದು ನನಗೆ ಗೊತ್ತಿಲ್ಲ. ಕೊನೆಗೆ ಚುಕ್ಕಿ ಬಂದಲ್ಲಿ ಅದು ಮಾತಾಡದೆ ಒಂದು ಗುಟುಕು ನೀರು ಕುಡಿಯುವಷ್ಟು ನಿಂತು ಮುಂದೆ ಹೋಗುವಂತಾಯಿತು.

ಆಮೇಲೆ ಕಟಕೋಳದಲ್ಲಿ ಮಹಿಳಾ ಸಂಘದ ಕಾರ್ಯಕ್ರಮ. ಸುಮಾಳೇ ಒತ್ತಾಯ ಮಾಡಿ ವೈನಿಯನ್ನು ಕರೆಸಿದ್ದಳು. ನಾನು ಹಿಂದಿನ ಸಾಲಿನಲ್ಲಿ ಜೀವ ಬಿಗಿಹಿಡಿದು ಕೂತಿದ್ದೆ. ಅಧ್ಯಕ್ಷರು ಬಂದರು, ಅತಿಥಿಗಳು ಬಂದರು, ದಾನಿಗಳ ಉದ್ದನೆಯ ಸಾಲು ಬಂತು, ವಂದನಾರ್ಪಣೆಯೂ ಆಯಿತು. ಏನೂ ಆಗಲಿಲ್ಲ. ಯಾರೂ ಸಾಯಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಹೊಗಳಿದ್ದು ಹುಗ್ಗಿಯನ್ನು. ನಿರೂಪಣೆಯ ಬಗ್ಗೆ ಒಬ್ಬರೂ ಮಾತಾಡಲಿಲ್ಲ, ಸಾಫ್ಟ್‌ವೇರಿನ ನೆನಪು ಯಾರಿಗೂ ಇರಲಿಲ್ಲ. ವೈನಿಗೆ ಅದೇ ದೊಡ್ಡ ಹಿಗ್ಗು. ಎರಡನೇ ಸಲ ಹುಗ್ಗಿ ಹಾಕಿಸಿಕೊಂಡರು.

ಬೈಲಹೊಂಗಲದವರು ಮಾತ್ರ ಇನ್ನೂ ಕರೆದಿಲ್ಲ. (ನಾನು ಅದೇ ಊರಿನಲ್ಲಿ ಮುಖ ಎತ್ತಿ ತಿರುಗಬೇಕು. ಆ ಸವಿ ದನಿಯವರು ಈ ಅಂಕಣ ಓದುತ್ತಾರೆಂದು ನನಗೆ ಗೊತ್ತು.)

ಕಳೆದ ವಾರ ಗ್ರೂಪಿನಲ್ಲಿ ಮಿಲಿಂದನ ಸಂದೇಶ. ಹೊಸ ವರ್ಷನ್ ತಯಾರಾಗಿದೆ, ಓದುವ ರೀತಿಯಲ್ಲಿ ಕೆಲವು ಸುಧಾರಣೆಗಳಿವೆ, ಯಾವಾಗ ಬಿಡಲಿ? "ಲಗ್ನದ ಸೀಸನ್ ಮುಗೀಲಿ" ಎಂದರು ವೈನಿ. "ನಂದು ಪರೀಕ್ಷಾ ಐತ್ರಿ, ಅದು ಮುಗಿಯೂತನಕ ಬ್ಯಾಡ್ರಿ" ಎಂದಳು ಸುಮಾ. ಬ್ಯಾಂಕಿನಲ್ಲಿ ಕೆಲಸ ಮಾಡುವವರೊಬ್ಬರು ತಿಂಗಳ ಕೊನೆ ಬೇಡವೆಂದರು.

"ಹಂಗಾದ್ರ ಯಾವಾಗ ಬಿಡ್ಲಿ, ನೀವಽ ಹೇಳ್ರಿ ಅಕ್ಕೋರ" ಎಂದ ಮಿಲಿಂದ, ಸೋತ ದನಿಯಲ್ಲಿ.

"ಆಷಾಢದಾಗ ಬಿಡು."

ಎಲ್ಲರೂ ಒಪ್ಪಿದರು. ಮುಹೂರ್ತ ನೋಡಿ ಸಾಫ್ಟ್‌ವೇರ್ ಬಿಡುವ ಮಂದಿ ಎಂದು ನಗುವವರು ನಗಲಿ. ನನ್ನ ಫೋನೂ ಮೊನ್ನೆ ಹೇಳದೆ ಕೇಳದೆ ತನ್ನ ಮುಖ ಬದಲಿಸಿಕೊಂಡಿತು. ಎರಡು ದಿನ ಬೈದೆ, ಕಣ್ಣಿತ್ತಲ್ಲ, ಹುಡುಕಿಕೊಂಡೆ, ಸುಮ್ಮನಾದೆ. ನಮ್ಮಂಥವರು ಹೀಗೆ ಸುಮ್ಮನಾಗುವುದರಿಂದಲೇ ಬದಲಿಸುವವರು ಯಾರನ್ನೂ ಕೇಳುವುದಿಲ್ಲವೇನೋ ಎಂಬ ಅನುಮಾನ ಈಗ ಬಂದಿದೆ.

ಹೇಳಿ, ನಿಮ್ಮ ಫೋನನ್ನು ಸುಧಾರಿಸುವ ಮೊದಲು ನಿಮ್ಮನ್ನು ಯಾರಾದರೂ ಒಂದು ಮಾತು ಕೇಳಿದ್ದಾರೆಯೇ?